ಕೆಂಪು ಗುರುತಿನ ಪಾತ್ರೆ

ನನಗೆ ಸುಳ್ಳು ಹೇಳುವವರನ್ನು ಕಂಡರೆ ಆಗುವುದಿಲ್ಲ ಎಂದು ಇವತ್ತಿಗೂ ನಾಲ್ಕು ಜನರ ಮುಂದೆ ಜಂಬ ಕೊಚ್ಚುತ್ತೇನೆ. ಹಾಗೆ ಹೇಳಿದಾಗೆಲ್ಲ ಒಂದು ಪಾತ್ರೆ ನೆನಪಾಗುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವಿದ್ದದ್ದು ಲಂಡನ್ನಿನಲ್ಲಿ, ಅಕ್ಸ್‌ಬ್ರಿಡ್ಜ್ ಕಡೆಗೆ ಹೋಗುವ ಟ್ಯೂಬ್ ರೈಲಿನ ಹಳಿಯ ಪಕ್ಕದ ಫ್ಲ್ಯಾಟಿನಲ್ಲಿ. ಎದುರಿಗೇ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್. ಕೆಂಪು ಇಟ್ಟಿಗೆಯ ಆ ಕಟ್ಟಡವನ್ನು ನಾನು ಆರು ತಿಂಗಳು ಶಾಲೆ ಎಂದೇ ತಿಳಿದಿದ್ದೆ. ಅದರ ಬೀಗದ ಕೈ ಇರುತ್ತಿದ್ದದ್ದು ಎಪ್ಪತ್ತು ದಾಟಿದ ಒಬ್ಬ ವಿಧವೆಯ ಬಳಿ. ನಮ್ಮ ಮನೆಯಲ್ಲಿ ಅವರಿಗೆ ಬೀಗದಮ್ಮ ಎಂದೇ ಹೆಸರು.

ಅವರ ಅಪ್ಪ ಪೂರ್ವ ಲಂಡನ್ನಿನಲ್ಲಿ ದರ್ಜಿ. ಟ್ಯೂಬ್ ಇತ್ತ ಬಂದಾಗ ಅದರ ಬೆನ್ನಿಗೇ ಕೆಲವು ಕುಟುಂಬಗಳೂ ಬಂದವಂತೆ. ಮೊದಲು ಯಾರದೋ ಅಂಗಡಿಯ ಮಾಳಿಗೆಯಲ್ಲಿ ಪ್ರಾರ್ಥನೆ, ಆಮೇಲೆ ಈ ಕಟ್ಟಡ. ಯುದ್ಧದಲ್ಲಿ ಬಾಂಬು ಬಿದ್ದು ಕಿಟಕಿಗಳೆಲ್ಲ ಒಡೆದಾಗ, ಮುಂದಿನ ಶನಿವಾರ ಕೋಟು ಹಾಕಿಕೊಂಡೇ ಕೂತಿದ್ದರಂತೆ. ನಾನು ನೋಡುವಾಗ ಮಕ್ಕಳೆಲ್ಲ ಬೇರೆ ಊರು ಸೇರಿದ್ದರು. ಪೂರ್ತಿ ಪ್ರಾರ್ಥನೆಗೆ ಹತ್ತು ಗಂಡಸರು ಇರಲೇಬೇಕು. ಒಂಬತ್ತು ಜನ ಕೂತು ಹತ್ತನೆಯವನಿಗಾಗಿ ಬಾಗಿಲು ನೋಡುತ್ತಿದ್ದರು.

ಬೀಗದಮ್ಮ ಒಮ್ಮೆ ನನಗೆ ಅಡುಗೆಮನೆ ತೋರಿಸಿದರು. ಎರಡು ಸಿಂಕು, ಎರಡು ಕಪಾಟು. ಕೆಂಪು ಬಣ್ಣ ಬಳಿದ ಪಾತ್ರೆಗಳು ಮಾಂಸಕ್ಕೆ, ನೀಲಿಯವು ಹಾಲಿಗೆ, ಒಂದಕ್ಕೊಂದು ತಾಗಬಾರದು. ನನಗೆ ಉಡುಪಿಯ ನಮ್ಮ ಅಜ್ಜಿಯೇ ಎದುರು ನಿಂತಂತಾಯಿತು. ಅನ್ನ ಮುಟ್ಟಿದ ಕೈಯಲ್ಲಿ ಹಾಲಿನ ಪಾತ್ರೆ ಮುಟ್ಟಿದರೆ "ಮುಸುರೆ, ಮುಸುರೆ!" ಎಂದು ಮನೆ ಒಂದು ಮಾಡುತ್ತಿದ್ದಳು. ಅದನ್ನು ಹೇಳಿದಾಗ ಬೀಗದಮ್ಮ ನಕ್ಕು ನನ್ನ ಕೈ ಹಿಡಿದುಕೊಂಡರು. "ಹಾಗಾದರೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ" ಎಂದರು.

ಆ ಭರವಸೆಯ ಮೇಲೆಯೇ ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ಸಿನಗಾಗಿನ ಸಭಾ ಹಾಲ್ ಸಿಕ್ಕಿತು. ಊಟ ಮನೆಯಿಂದ ತರಬೇಕು, ಕಾಗದದ ತಟ್ಟೆ, ಅಡುಗೆಮನೆಯಲ್ಲಿ ನಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟಬಾರದು. "ತಪ್ಪಿ ಏನಾದರೂ ಆದರೆ ಹೇಳಿಬಿಡು, ಅದಕ್ಕೂ ದಾರಿ ಇದೆ" ಎಂದೂ ಹೇಳಿದ್ದರು.

ಆವತ್ತು ಜನ ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ನಾನು ತಂದಿದ್ದ ಶಾವಿಗೆ ಪಾಯಸ ತಣಿದು ಗಟ್ಟಿ ಮುದ್ದೆಯಾಗಿತ್ತು. ಪಾಯಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಅಹಂಕಾರ ಬೇರೆ. ಹಾಲು ಸೇರಿಸಿ ಬಿಸಿ ಮಾಡಲು ದೊಡ್ಡ ಪಾತ್ರೆ ಬೇಕಿತ್ತು. ಕಪಾಟಿನಲ್ಲಿ ಒಂದೇ ಒಂದು ದೊಡ್ಡ ಸ್ಟೀಲಿನ ಪಾತ್ರೆ, ಹಿಡಿಗೆ ಕೆಂಪು ಬಣ್ಣ. ನೋಡಿದೆ. ನೋಡಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಮ್ಮದು ಶುದ್ಧ ಸಸ್ಯಾಹಾರ, ಮೈಲಿಗೆಯಾಗುವುದಿದ್ದರೆ ನಮ್ಮ ಪಾಯಸಕ್ಕೇ ಆಗಬೇಕು, ಇವರ ಪಾತ್ರೆಗೆ ಎಂತ ಆಗುತ್ತದೆ ಎಂದುಕೊಂಡೆ. ಎಂಥ ಸೊಕ್ಕು!

ಹಾಲು ತಳ ಹಿಡಿಯಿತು. ಉಜ್ಜಿ ಉಜ್ಜಿ ತೊಳೆದು ಇದ್ದಲ್ಲೇ ಇಟ್ಟೆ. ಮನೆಗೆ ಬಂದು ಗಂಡನಿಗೆ ಹೇಳಿದೆ.

"ತೊಳ್ದಾಯ್ತಲ್ಲ ಮಾರಾಯ್ತಿ, ಇನ್ನೆಂತಕ್ಕೆ ಬಾಯಿ ಬಿಡುದು? ಹೇಳಿದ್ರೆ ಆ ಹಾಲ್ ಕೈ ತಪ್ತದೆ, ಅಷ್ಟೆ."

"ಅವ್ರು ನನ್ನ ನಂಬಿದ್ದಾರಲ್ಲ, ಮಾರಾಯ್ರೆ."

"ನಂಬ್ಲಿ. ನಂಬಿದ್ರೆ ಒಳ್ಳೇದೇ ಅಲ್ವಾ?"

ತಪ್ಪನ್ನು ಗಂಡನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಮರುದಿನ ಬೀಗದ ಕೈ ಕೊಡಲು ಹೋದವಳು ನಾನು. "ಏನೂ ಮುಟ್ಟಲಿಲ್ಲ ತಾನೆ?" ಎಂದು ಬೀಗದಮ್ಮ ಕೇಳಿದರು. "ಇಲ್ಲ" ಎಂದೆ, ಅವರ ಮುಖ ನೋಡಿಕೊಂಡೇ. ಮುಂದಿನ ವಾರ ಅವರ ಗಂಡನ ತಿಥಿ. ಪ್ರಾರ್ಥನೆಗೆ ಬಂದವರಿಗೆಲ್ಲ ಅದೇ ಪಾತ್ರೆಯಲ್ಲಿ ಕೋಳಿ ಸೂಪು ಮಾಡಿ ಬಡಿಸಿದರು. ಕಿಟಕಿಯಲ್ಲಿ ನಿಂತು ಆ ಮುದುಕರು ಒಳಗೆ ಹೋಗುವುದನ್ನು ನೋಡಿದೆ. ಓಡಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಆಮೇಲೆ ಪ್ರತಿ ಯುಗಾದಿಗೂ ಹಾಲ್ ಸಿಕ್ಕಿತು. ಪ್ರತಿ ಸಲವೂ ಅವರು ಹೊಸಬರಿಗೆ ನನ್ನನ್ನು ತೋರಿಸಿ, "ಇವಳಿಗೆ ನಮ್ಮ ನಿಯಮ ನಮ್ಮವರಿಗಿಂತ ಚೆನ್ನಾಗಿ ಗೊತ್ತು" ಎನ್ನುತ್ತಿದ್ದರು. ಆಗೆಲ್ಲ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಎಂಟು ವರ್ಷದ ಮೇಲೆ ಹತ್ತು ಗಂಡಸರು ಸೇರುವುದೇ ನಿಂತು, ಸಿನಗಾಗ್ ಮುಚ್ಚಿತು. ಧರ್ಮಗ್ರಂಥದ ಸುರುಳಿಗಳನ್ನು ಬೇರೆ ಸಿನಗಾಗಿಗೆ ಕೊಂಡೊಯ್ದ ಮರುದಿನ ಬೀಗದಮ್ಮ ನಮ್ಮ ಲಿಫ್ಟಿಲ್ಲದ ಮೂರು ಮಹಡಿ ಹತ್ತಿ ಬಂದರು. ಕೈಯಲ್ಲಿ ಆ ಪಾತ್ರೆ.

"ಇದು ನಿನಗೇ ಸೇರಬೇಕು. ಇದರ ಬೆಲೆ ಗೊತ್ತಿರುವವಳು ನೀನು."

ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಲ್ಲೇ, ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಗೋಡೆಗೆ ಕೈಯೂರಿ ನಿಂತು, "ಯಾವ ವರ್ಷ?" ಎಂದರು.

"ಮೊದಲನೆಯ ಯುಗಾದಿ."

ಸೂಪು ಕುಡಿದವರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತಿದ್ದರೋ ಏನೋ, ತುಟಿ ಅಲ್ಲಾಡುತ್ತಿತ್ತು.

"ಅವರೆಲ್ಲ ಹೋಗಿಬಿಟ್ಟರಲ್ಲ, ಈಗ ಯಾರಿಗೆ ಹೇಳಲಿ? ಆವತ್ತೇ ಹೇಳಿದ್ದರೆ," ಎಂದರು, "ಒಂದು ದಿನ ಬಿಟ್ಟು ಅದರ ತುಂಬ ನೀರು ಕುದಿಸಿದ್ದರೆ ಶುದ್ಧಿಗೆ ಸಾಕಿತ್ತು."

ಕಂಬಿ ಹಿಡಿದು ಒಬ್ಬರೇ ಮೆಟ್ಟಿಲಿಳಿದರು. ಜೊತೆಗೆ ಬರುತ್ತೇನೆ ಎಂದರೆ ಬೇಡ ಎಂದರು.