ಎಳನೀರಿಗೂ ಮೈಕು ಹಿಡಿದವರು

ಹೋದ ವಾರ ನನ್ನ ಸ್ಟುಡಿಯೋದ ಅಟ್ಟ ಗುಡಿಸುವಾಗ ಹಳೆಯ ವಿಡಿಯೋ ಕ್ಯಾಸೆಟ್ಟುಗಳ ರಟ್ಟಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಒಣಕೊಬ್ಬರಿಯ ವಾಸನೆ. ತಿಪಟೂರಿನಲ್ಲಿ ನಮ್ಮ ಕೇಬಲ್ ಚಾನೆಲ್ಲಿನ ಕಚೇರಿ ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲಿತ್ತು. ಬಟ್ಟೆಗೆ, ತಲೆಗೂದಲಿಗೆ, ಕ್ಯಾಮೆರಾ ಚೀಲಕ್ಕೆ ಎಲ್ಲಕ್ಕೂ ಅದೇ ವಾಸನೆ. ಅದರ ಹಿಂದೆಯೇ ಅಣ್ಣ ನೆನಪಾದರು…

ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ. ಹರಾಜಿನ ದಿನ ಮಾರುಕಟ್ಟೆಯಲ್ಲಿ ಮೈಕು ಹಿಡಿದು ಕೊಬ್ಬರಿ ಧಾರಣೆ ಕೂಗುತ್ತಿದ್ದವರು. ಮುಂದೆ ಇಡೀ ರಾಜ್ಯವೇ ಟಿವಿ ಮುಂದೆ ಕೂತು ನೋಡಿದ, ಮಂತ್ರಿಗಳು ಬೆವರು ಒರೆಸಿಕೊಂಡು ಉತ್ತರ ಕೊಟ್ಟ ಸಂದರ್ಶಕರು. ನಾನು ಆಗ ಮದುವೆ ವಿಡಿಯೋ ತೆಗೆಯುತ್ತಿದ್ದೆ. “ಮದ್ವೆ ಮನೇಲಿ ಮುನಿಸ್ಕಂಡ್ ಕುಂತಿರೋರ್ ಮುಖಾನೂ ಹಿಡೀತೀಯಲ್ಲ, ನಂಗೆ ನೀನೇ ಬೇಕು ಕಣವ್ವ” ಎಂದು ಕೇಬಲ್ ಚಾನೆಲ್ಲಿನ ತಮ್ಮ ಕಾರ್ಯಕ್ರಮಕ್ಕೆ ಕರೆದುಕೊಂಡರು. ಹನ್ನೆರಡು ವರ್ಷ ಅವರ ಎದುರಿನ ಕ್ಯಾಮೆರಾ ನನ್ನದೇ. ಅವರನ್ನು ಅಷ್ಟು ಹೊತ್ತು ನೆಟ್ಟ ಕಣ್ಣಿನಿಂದ ನೋಡಿದವರು ಇನ್ನೊಬ್ಬರಿಲ್ಲ. ಹಾಗಾಗಿ ಅನುಮಾನವಿಲ್ಲದೆ ಹೇಳುತ್ತೇನೆ, ಅವರಂಥವರು ಆಮೇಲೆ ಬರಲಿಲ್ಲ.

ಹುಳಿಯಾರು ಕಡೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಕುಡಿಯುವ ನೀರಿರಲಿಲ್ಲ. ಮಾತಾಡಲು ಬರುತ್ತೇನೆಂದು ಒಪ್ಪಿದ್ದ ಎಂಜಿನಿಯರು ಬರಲೇ ಇಲ್ಲ. ಅಣ್ಣ ಖಾಲಿ ಕುರ್ಚಿಯ ಮೇಲೆ ಒಂದು ಎಳನೀರು ಇಟ್ಟು, ಅದಕ್ಕೊಂದು ಟವೆಲು ಹೊದಿಸಿ, ಎದುರಿಗೆ ಕೂತರು. “ಸಾಹೇಬ್ರೇ, ಪೈಪು ಯಾವಾಗ ಬತ್ತದೆ?” ಎಂದು ಮೈಕು ಹಿಡಿದು, ವಿನಯದಿಂದ ಕಾದರು. ಹೀಗೆ ನಾಲ್ಕು ಪ್ರಶ್ನೆ. ಕೊನೆಗೆ ಅದನ್ನು ಕೆತ್ತಿಸಿ ಕುಡಿದು ಕ್ಯಾಮೆರಾ ಕಡೆ ತಿರುಗಿದರು. “ಸಾಹೇಬ್ರು ಮಾತಾಡ್ಲಿಲ್ಲ. ನೀರಾದ್ರೂ ಕೊಟ್ರು.”

ನಾನು ನಕ್ಕಿದ್ದಕ್ಕೆ ಚಿತ್ರ ಅಲುಗಾಡಿತು. ಅದನ್ನು ಹಾಗೇ ಬಿಟ್ಟೆವು. ಆ ತುಣುಕು ಫೋನಿನಿಂದ ಫೋನಿಗೆ ಹೋಯಿತು. ಹದಿನೈದು ದಿನದಲ್ಲಿ ಪೈಪು ಬಂತು, ಅದರ ಬೆನ್ನಿಗೇ ಬೆಂಗಳೂರಿನ ಚಾನೆಲ್ಲಿನ ಕರೆ. ಅಣ್ಣ ಊರು ಬಿಡಲಿಲ್ಲ. ವಾರಕ್ಕೆರಡು ದಿನ ನಾವಿಬ್ಬರೂ ರೈಲಿನಲ್ಲಿ ಹೋಗಿ ಬರುತ್ತಿದ್ದೆವು. ಎಷ್ಟೇ ದೊಡ್ಡವರು ಬಂದರೂ ದನಿ ಏರಿಸಿದವರಲ್ಲ. ಪ್ರಶ್ನೆ ಕೇಳಿ ಸುಮ್ಮನಾಗುವರು. ಆ ಮೌನ ತಡೆಯಲಾರದೆ ಎದುರಿನವರೇ ಎಲ್ಲ ಹೇಳಿಬಿಡುವರು…

ಹೆಸರು ತುತ್ತತುದಿಯಲ್ಲಿದ್ದಾಗಲೇ ಅದು ನಡೆದದ್ದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಅಧ್ಯಕ್ಷೆ ಹೆಂಗಸು, ಆಡಳಿತವೆಲ್ಲ ಗಂಡನದು. ನಾವು ಹೋದಾಗಲೂ ಗಂಡನೇ ಎಲ್ಲಕ್ಕೂ ಉತ್ತರಿಸಿದ. ಆಕೆ ಪಕ್ಕದಲ್ಲಿ ಕೂತು ಒಮ್ಮೆ ಆಕಳಿಸಿದ್ದನ್ನು ನಾನು ಹತ್ತಿರದಿಂದ ಹಿಡಿದೆ. ಅಣ್ಣ ಅದಕ್ಕೆ ಒಂದೇ ಮಾತು ಸೇರಿಸಿದರು: “ಅಧ್ಯಕ್ಷರು ಬಲು ಚೆನ್ನಾಗಿ ಕೂತ್ಕತಾರೆ.” ರಾಜ್ಯವೆಲ್ಲ ನಕ್ಕಿತು.

ಮುಂದಿನ ವಾರ ಆಕೆ ಒಬ್ಬರೇ ಬಸ್ಸು ಹಿಡಿದು ತಿಪಟೂರಿನ ಕಚೇರಿಗೆ ಬಂದರು. ಜಗಳ ಆಡಲಿಲ್ಲ.

“ನಾನು ಮಾತಾಡ್ಲಿಲ್ಲ, ಸರಿ. ನೀವು ಒಂದಾದ್ರೂ ಪ್ರಶ್ನೆ ನನ್ನ ಕೇಳಿದ್ರಾ? ಎಲ್ಲಾನೂ ನಮ್ ಯಜಮಾನ್ರ ಮುಖ ನೋಡ್ಕಂಡೇ ಕೇಳಿದ್ರಿ ಕಣ್ರೀ.”

ಅಣ್ಣ ಅಂದು ನಾನು ತೆಗೆದದ್ದನ್ನೆಲ್ಲ ಕತ್ತರಿಸದೆ ಹಾಕಲು ಹೇಳಿದರು. ಮೂವರೂ ಕೂತು ನೋಡಿದೆವು. ಆಕೆಯ ಮಾತು ನಿಜ. ನಲವತ್ತು ನಿಮಿಷದಲ್ಲಿ ಅಣ್ಣನ ಕಣ್ಣು ಒಮ್ಮೆಯೂ ಆಕೆಯತ್ತ ಹೊರಳಿರಲಿಲ್ಲ. ಅಣ್ಣನ ಮುಖ ಕಪ್ಪಿಟ್ಟಿತು.

“ಬರೋ ವಾರ ನನ್ ಕುರ್ಚೀಲಿ ನೀವು ಕೂತ್ಕಳಿ. ನನ್ನ ಕೇಳಿ” ಎಂದರು.

ಬೆಂಗಳೂರಿನ ಚಾನೆಲ್ಲಿನವರು ಒಪ್ಪಲಿಲ್ಲ. “ಹಂಗಾದ್ರೆ ಆ ಕುರ್ಚಿಗೆ ಬೇರೆಯವ್ರನ್ನ ನೋಡ್ಕಳಿ” ಎಂದು ಅಣ್ಣ ಫೋನಿಟ್ಟರು. ಮೂರು ದಿನ ಅತ್ತಲಿಂದ ಸದ್ದಿಲ್ಲ. ಅಷ್ಟು ವರ್ಷದ ದುಡಿಮೆ ಹೋಯಿತೆಂದೇ ನಾನು ತಿಳಿದೆ. ಅಣ್ಣ ಮಾತ್ರ ನೆಮ್ಮದಿಯಾಗಿ ತೋಟಕ್ಕೆ ಹೋಗಿ ಬರುತ್ತಿದ್ದರು. ನಾಲ್ಕನೆಯ ದಿನ ಒಪ್ಪಿಗೆ ಬಂತು.

ದೀಪಗಳ ಕೆಳಗೆ ಆಕೆ ಸೆರಗು ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ ಇದು: “ನನ್ ಹೆಸ್ರೇನು?”

ಅಣ್ಣ ಬಾಯಿ ತೆರೆದರು, ಮುಚ್ಚಿದರು. ನಗೆಯ ಮಾತೊಂದು ತುಟಿಗೆ ಬಂದು ಹಿಂದೆ ಹೋದದ್ದು ನನಗೆ ಕಂಡಿತು. ಆಕೆ ಸುಮ್ಮನೆ ಕಾದರು. ನಾನು ಕ್ಯಾಮೆರಾ ಅಲುಗಿಸಲಿಲ್ಲ.

“ಗೊತ್ತಿಲ್ಲ ಕಣವ್ವ. ಕೇಳ್ಬೇಕಿತ್ತು. ತಪ್ಪಾಯ್ತು.”

ಆಕೆ ತಮ್ಮ ಹೆಸರು ಹೇಳಿದರು. ಆಮೇಲೆ ಕೆರೆಯ ಹೂಳು, ಹೆಣ್ಣುಮಕ್ಕಳ ಶೌಚಾಲಯ, ಗಂಡನಿಗೆ ತಿಳಿಯದಂತೆ ತಾವೇ ಬರೆಸಿ ಕಳಿಸಿದ್ದ ಅರ್ಜಿಗಳು… ಅರ್ಧ ಗಂಟೆ ಅವರೇ ಮಾತಾಡಿದರು. ಅಣ್ಣ ನಡುವೆ ಬಾಯಿ ಹಾಕಲಿಲ್ಲ. ಮುಂದಿನ ಚುನಾವಣೆಯಲ್ಲಿ ಆಕೆ ಮಹಿಳಾ ಮೀಸಲಾತಿಯಿಲ್ಲದ ಸಾಮಾನ್ಯ ಕ್ಷೇತ್ರದಿಂದಲೇ ನಿಂತು ಗೆದ್ದರು. ಆ ದಿನದಿಂದ ಅಣ್ಣ ಕುರ್ಚಿಯಲ್ಲಿ ಕೂತ ಯಾರನ್ನೇ ಆಗಲಿ, ಮಂತ್ರಿಯನ್ನೂ, ಮೊದಲು ಹೆಸರು ಕೇಳುತ್ತಿದ್ದರು. ಜನ ಅದನ್ನು ಹೊಸ ತಮಾಷೆ ಎಂದುಕೊಂಡರು.

ಹೋದ ವರ್ಷ ಅಣ್ಣ ತೀರಿಕೊಂಡರು, ತೋಟದಲ್ಲಿ ನೀರು ತಿರುಗಿಸುತ್ತಿದ್ದಾಗ, ಎದೆ ಹಿಡಿದುಕೊಂಡು. ಆಗ ಆಕೆಗೆ ಸುದ್ದಿ ಮುಟ್ಟಿಸಲು ನನಗಾಗಲಿಲ್ಲ. ಈ ವಾರ ಫೋನು ಮಾಡಿದೆ. ಆಕೆಗೆ ಆಗಲೇ ಗೊತ್ತಿತ್ತು.

“ಅವತ್ತು ಇನ್ನೂ ಮೂರು ಪ್ರಶ್ನೆ ಬರ್ಕಂಡ್ ಬಂದಿದ್ದೆ ಕಣವ್ವ” ಎಂದರು. “ತಪ್ಪಾಯ್ತು ಅಂದ್ಬುಟ್ರಲ್ಲ, ಕೇಳಾಕಾಗ್ಲಿಲ್ಲ.”

ಏನು ಪ್ರಶ್ನೆಗಳು ಎಂದೆ.

“ಬುಡು. ಇನ್ ಯಾರ್ನ ಕೇಳಾದು.”