ಸೀತಮ್ಮನವರು ಬೀಗ ಹಾಕಲು ಕಲಿತದ್ದು

ದೊಮ್ಮಲೂರಿನ ಆಚೆ, ವಿಮಾ ನೌಕರರ ಕ್ವಾರ್ಟರ್ಸ್‌ನಲ್ಲಿದ್ದ ಸೀತಮ್ಮನವರ ಮನೆಗೆ ಕಳ್ಳರು ಒಮ್ಮೆಯೂ ಬಂದಿರಲಿಲ್ಲ. ಆದರೂ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಮನೆಯ ಮುಂಬಾಗಿಲಿಗೆ ಮೂರು ಬೀಗಗಳಿದ್ದವು.

ಮೊದಲು ಇದ್ದದ್ದು ಒಂದೇ. ಸೀತಮ್ಮನವರು ಶಿವಾಜಿನಗರದ ಹತ್ತಿರದ ಶಾಖೆಯಲ್ಲಿ ಮರಣ ಕ್ಲೇಮುಗಳನ್ನು ನೋಡಿಕೊಳ್ಳುತ್ತಿದ್ದರು. ಸ್ಟೌವ್ ಸಿಡಿದು ಸತ್ತವರು, ಬಚ್ಚಲಲ್ಲಿ ಜಾರಿ ಬಿದ್ದು ಸತ್ತವರು, ತರಕಾರಿ ತರುತ್ತೇನೆಂದು ಹೋಗಿ ಮರಳದವರು, ಎಲ್ಲರ ಕಾಗದಗಳೂ ಅವರ ಮೇಜಿಗೇ ಬರುತ್ತಿದ್ದವು. ಹತ್ತಾರು ವರ್ಷ ಈ ಕೆಲಸ ಮಾಡಿದರೂ ಅವರಿಗೆ ಏನೂ ಆಗಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, ಗ್ಯಾಸ್ ಆರಿಸಿದೆನೋ ಇಲ್ಲವೋ ಎನ್ನಿಸಿತು. ಅಂಗೈ ಬೆವರಿತು, ಎದೆ ಹೊಡೆದುಕೊಂಡಿತು. ಮನೆಗೆ ಓಡಿದರು. ಗ್ಯಾಸ್ ಆರಿತ್ತು. ಮತ್ತೆ ಸ್ಟಾಪಿಗೆ ಬಂದಾಗ, ಈಗ ಬೀಗ ಹಾಕಿದೆನೇ ಎನ್ನಿಸಿತು.

ಗಂಡ ವೆಂಕಟಾಚಲ ಕೆ.ಆರ್. ಪುರಂ ಕಡೆಯ ಕಾರ್ಖಾನೆಯೊಂದರಲ್ಲಿ ಟೂಲ್ ರೂಮ್ ಕೆಲಸಗಾರರು. ಬೆಳಗಾಗುತ್ತಲೇ ಫ್ಯಾಕ್ಟರಿ ಬಸ್ಸು ಹಿಡಿಯುವವರು. ಯಾವ ತೊಂದರೆಗೂ ಒಂದು ಉಪಕರಣ ಇರುತ್ತದೆ ಎಂದು ನಂಬಿದ್ದ ಅವರು, ಹೆಂಡತಿಯ ಸಮಾಧಾನಕ್ಕೆ ಎರಡನೆಯ ಬೀಗ ಹಾಕಿಸಿದರು. ಸೀತಮ್ಮನವರು ಎರಡನ್ನೂ ಎಳೆದು ನೋಡತೊಡಗಿದರು. ವೆಂಕಟಾಚಲ ಯೋಚಿಸಿ ಮೂರನೆಯದನ್ನು ತಂದರು.

ಕ್ವಾರ್ಟರ್ಸ್ ಗೇಟಿನ ಬಳಿ ಸೊಪ್ಪು ಮಾರುತ್ತಿದ್ದ ದೊಡ್ಡಮುನಿಯಮ್ಮನಿಗೂ ಇದರಲ್ಲಿ ಕೆಲಸ ಸಿಕ್ಕಿತು. ಸೀತಮ್ಮನವರು ಗೇಟಿನವರೆಗೆ ಬಂದು, ಅವಳನ್ನು ಮೇಲೆ ಕಳಿಸಿ ಬೀಗ ಎಳೆಸುತ್ತಿದ್ದರು.

“ಹಾಕೈತೆ ಕಣಮ್ಮ, ಹೊರಡಿ,” ಎಂದು ಅವಳು ಬಂದು ಹೇಳುತ್ತಿದ್ದಳು.

“ಮೂರೂ ನೋಡಿದ್ಯಾ?”

“ಮೂರೂ ನೋಡ್ದೆ.”

ಅವಳು ಸರಿಯಾಗಿ ನೋಡಿದಳೇ ಎಂದು ತಿಳಿಯಲು ಸೀತಮ್ಮನವರು ಮೆಟ್ಟಿಲು ಹತ್ತುತ್ತಿದ್ದರು.

ಹಲಸೂರಿನ ಡಾಕ್ಟರು ಇಸಿಜಿ ತೆಗೆಸಿ, “ಹಾರ್ಟು ಚೆನ್ನಾಗಿದೆ. ಟೆನ್ಷನ್ ಕಡಿಮೆ ಮಾಡ್ಕೊಳ್ಳಿ,” ಎಂದರು. ಅದನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂಬ ಚಿಂತೆಯೂ ಅಂದಿನಿಂದ ಸೇರಿಕೊಂಡಿತು.

ಅಷ್ಟರಲ್ಲಿ ಕಚೇರಿಗೆ ಕಂಪ್ಯೂಟರ್‌ಗಳು ಬಂದವು. ಸಿಬ್ಬಂದಿಗೆಲ್ಲ ರಕ್ತದೊತ್ತಡ ಏರಿತು. ಇಳಿಸಲೆಂದು ಇಂದಿರಾನಗರದ ಒಂದು ಸಭಾಂಗಣದಲ್ಲಿ ತರಬೇತಿ ಏರ್ಪಾಡಾಯಿತು. ತರಬೇತಿ ಕೊಡಲು ಬಂದ ವಿಭಾ ಎಂಬವರು ಪ್ರತಿಯೊಬ್ಬರ ಅಂಗೈಗೂ ಒಂದು ಒಣದ್ರಾಕ್ಷಿ ಇಟ್ಟರು.

ಪಕ್ಕದಲ್ಲಿದ್ದ ಸಹೋದ್ಯೋಗಿ, ಫ್ರೇಜರ್ ಟೌನಿನ ಉಮ್ಮೆ ಕುಲ್ಸುಂ, ಸೀತಮ್ಮನವರ ಕಿವಿಯ ಬಳಿ, “ಒಂದೇ ಕೊಟ್ಟಿದ್ದಾರೆ ಮೇಡಂ. ಬಜೆಟ್ ಇಲ್ಲ ಅನ್ಸತ್ತೆ,” ಎಂದರು.

ಅದನ್ನು ನೋಡಬೇಕು, ಮುಟ್ಟಬೇಕು, ಮೂಸಬೇಕು, ನಿಧಾನವಾಗಿ ಅಗಿಯಬೇಕು, ಮನಸ್ಸು ಬೇರೆ ಕಡೆ ಹೋದರೆ ಬೈದುಕೊಳ್ಳದೆ ವಾಪಸ್ ಕರೆತರಬೇಕು ಎಂದು ವಿಭಾ ಹೇಳಿದರು. ಬ್ರಾಂಚ್ ಮ್ಯಾನೇಜರ್ ಮೊದಲೇ ನುಂಗಿಬಿಟ್ಟಿದ್ದರಿಂದ ಬರಿಗೈ ನೋಡುತ್ತ ಕೂತರು. ಸೀತಮ್ಮನವರು ತಮ್ಮ ದ್ರಾಕ್ಷಿಯ ತುದಿಯಲ್ಲಿ ಸಣ್ಣ ತೊಟ್ಟು ಇರುವುದನ್ನು ಕಂಡರು. ಪಾಯಸಕ್ಕೆ ಅಷ್ಟು ವರ್ಷ ಹಾಕಿದ್ದರೂ ಅದನ್ನು ನೋಡಿರಲಿಲ್ಲ.

ಕೊನೆಗೆ ಅವರು ಕೈ ಎತ್ತಿದರು. “ಇದರಿಂದ ಬೀಗದ ಯೋಚನೆ ಹೋಗತ್ತಾ?”

ವಿಭಾ ಬೀಗಗಳ ಕಥೆಯನ್ನೆಲ್ಲ ಹೇಳಿಸಿ ಕೇಳಿಸಿಕೊಂಡರು. “ಬೀಗ ಹಾಕೋವಾಗ ತಲೇಲಿ ಏನಿರತ್ತೆ?”

“ಬಸ್ಸು. ಆಮೇಲೆ ಲೇಟ್ ಮಾರ್ಕು. ಆಮೇಲೆ...” ಮ್ಯಾನೇಜರ್ ಕೂತಿದ್ದನ್ನು ನೋಡಿ ಸೀತಮ್ಮನವರು ನಿಲ್ಲಿಸಿದರು.

“ಹಾಗಾದ್ರೆ ಬೀಗ ಹಾಕಿದ್ದನ್ನ ನೀವು ನೋಡೇ ಇಲ್ಲ. ನೋಡದೇ ಇರೋದು ಜ್ಞಾಪಕಕ್ಕೆ ಹೇಗೆ ಬರತ್ತೆ? ನಾಳೆ ನೋಡಿ ಹಾಕಿ. ಒಂದೇ ಸಲ. ಭಯ ಆಮೇಲೂ ಬರತ್ತೆ. ಬರಲಿ. ಕಾಲು ನೆಲದ ಮೇಲಿದೆಯಲ್ಲ, ಅದನ್ನ ಗಮನಿಸಿ. ಉಸಿರು ಬರ್ತಿದೆ, ಹೋಗ್ತಿದೆ, ಅದನ್ನ ಗಮನಿಸಿ.”

“ಅಷ್ಟೇನಾ?”

“ಅಷ್ಟೇ. ಸುಲಭ ಅಂತ ಅಲ್ಲ.”

ಮರುದಿನ ಸೀತಮ್ಮನವರು ದ್ರಾಕ್ಷಿ ತಿಂದ ಹಾಗೆಯೇ ಬೀಗ ಹಾಕಿದರು. ಮೊದಲನೆಯದು ತಣ್ಣಗಿತ್ತು, ಕೊಂಡಿಯ ಮೇಲೆ ಗೀರುಗಳಿದ್ದವು. ಎರಡನೆಯದು ಎರಡು ಸಲ ಕಟಕಟ ಎಂದಿತು. ಮೂರನೆಯದು ಏನೂ ಅನ್ನಲಿಲ್ಲ. ಎಳೆದರೆ ಚಿಲಕವೇ ಸ್ಕ್ರೂ ಸಮೇತ ಕೈಗೆ ಬಂತು. ಅಷ್ಟು ದಿನ ನೂರಾರು ಸಲ ಎಳೆದಿದ್ದರೂ ಅದು ಸಡಿಲವಾಗುತ್ತಿದ್ದದ್ದು ಅವರಿಗೆ ಗೊತ್ತಾಗಿರಲಿಲ್ಲ. ಸಂಜೆ ಚಿಲಕವನ್ನು ಗಂಡನ ಕೈಗೆ ಕೊಟ್ಟರು. ವೆಂಕಟಾಚಲ ಅದನ್ನು ತಿರುಗಿಸಿ ನೋಡಿ, ಮರದ ಗುಣಮಟ್ಟದ ಬಗ್ಗೆ ಒಂದು ಮಾತು ಹೇಳಿ ಒಳಗಿಟ್ಟರು.

ಆ ಬೆಳಿಗ್ಗೆ ಸ್ಟಾಪಿನಲ್ಲಿ ವಿಭಾ ಹೇಳಿದಂತೆಯೇ ಭಯ ಬಂತು. ಸೀತಮ್ಮನವರು ಚಪ್ಪಲಿಯೊಳಗಿನ ಪಾದಗಳನ್ನು ಗಮನಿಸುತ್ತ ನಿಂತರು. ಸೊಪ್ಪಿನ ಬುಟ್ಟಿ ಹೊತ್ತು ಆ ಕಡೆ ಬಂದ ದೊಡ್ಡಮುನಿಯಮ್ಮ, “ಹೋಗಿ ನೋಡ್ಕಂಡ್ ಬರ್ಲಾ?” ಎಂದಳು.

“ಬೇಡ.”

“ಮತ್ಯಾಕಮ್ಮ ಹಿಂಗ್ ನಿಂತಿದ್ದೀರಿ?”

“ಸುಮ್ನೆ ನಿಂತಿದ್ದೀನಿ.”

ಬಸ್ಸು ಬಂತು, ಹತ್ತಿದರು. ಭಯವೂ ಜೊತೆಗೆ ಹತ್ತಿತು. ಟ್ರಿನಿಟಿ ಸರ್ಕಲ್ ದಾಟುವವರೆಗೂ ಇತ್ತು. ಆಮೇಲೆ ಎಲ್ಲಿ ಇಳಿದುಹೋಯಿತೋ ಅವರಿಗೆ ತಿಳಿಯಲಿಲ್ಲ.

ಎಲ್ಲವೂ ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ದಿನ ಅರ್ಧ ದಾರಿಯಿಂದ ಹಿಂತಿರುಗುತ್ತಿದ್ದರು. ಒಮ್ಮೆ ಗ್ಯಾಸ್ ಅವಘಡದ ಕ್ಲೇಮೊಂದು ಬಂದಾಗ ಒಂದು ವಾರ ಹಳೆಯ ಸ್ಥಿತಿಗೇ ಮರಳಿದರು. ಆಗ ಊಟದ ಬಿಡುವಿನಲ್ಲಿ ಉಮ್ಮೆ ಕುಲ್ಸುಂ ಡಬ್ಬಿ ಮುಚ್ಚುತ್ತ ಹೇಳಿದರು: “ನಮಾಜಿಗೆ ನಿಂತ್ರೆ ನಂಗೆ ಕುಕ್ಕರ್ ಜ್ಞಾಪಕ ಬರತ್ತೆ ಮೇಡಂ. ದಿನಾ ಬರತ್ತೆ. ವಾಪಸ್ ಬಂದು ನಿಂತ್ಕೋತೀನಿ. ನಲವತ್ತು ವರ್ಷ ಆಯ್ತು, ಇನ್ನೂ ಬರತ್ತೆ.”

ಸೀತಮ್ಮನವರಿಗೆ ಇದು ಡಾಕ್ಟರ ಮಾತಿಗಿಂತ ಹಿತವಾಗಿ ಕೇಳಿಸಿತು. ಆಮೇಲೆ ಇಬ್ಬರೂ ಊಟವಾದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಉಸಿರು ಗಮನಿಸುತ್ತ ಕೂರತೊಡಗಿದರು. ನಿದ್ದೆ ಮಾಡುತ್ತಿದ್ದಾರೆಂದು ಮ್ಯಾನೇಜರಿಗೆ ದೂರು ಹೋಯಿತು. ಅವರು ತನಿಖೆಗೆ ಬಂದು, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತು, ನಿಜವಾಗಿಯೇ ನಿದ್ದೆ ಹೋದರು.

ಕೆಲವು ವರ್ಷಗಳಾದ ಮೇಲೆ ವೆಂಕಟಾಚಲ ನಿವೃತ್ತರಾದರು. ಒಂದು ಸಂಜೆ ಸೀತಮ್ಮನವರು ಕಚೇರಿಯಿಂದ ಬಂದಾಗ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಬೆಳಿಗ್ಗೆಯೇ ಕಲ್ಯಾಣ ನಗರದ ತಮ್ಮನ ಮನೆಗೆ ಹೋಗಿದ್ದ ವೆಂಕಟಾಚಲ ಬಾಗಿಲು ಹಾಕುವುದನ್ನೇ ಮರೆತಿದ್ದರು.

ಸೀತಮ್ಮನವರ ಎದೆ ಜೋರಾಗಿ ಹೊಡೆದುಕೊಂಡಿತು. ಅವರು ಕುರ್ಚಿಯಲ್ಲಿ ಕೂತು, ಅದು ಹೊಡೆದುಕೊಳ್ಳುವಷ್ಟು ಹೊತ್ತು ಹೊಡೆದುಕೊಳ್ಳಲಿ ಎಂದು ಬಿಟ್ಟರು. ಇಳಿದ ಮೇಲೆ ಎದ್ದು ಒಮ್ಮೆ ಎಲ್ಲ ನೋಡಿದರು. ಬೀರು ಹಾಗೇ ಇತ್ತು, ಟಿವಿ ಹಾಗೇ ಇತ್ತು. ಹಾಲಿನ ಪಾತ್ರೆ ಮಾತ್ರ ಬೆಕ್ಕಿನ ಪಾಲಾಗಿತ್ತು.

ವೆಂಕಟಾಚಲ ಬಂದು ವಿಷಯ ಕೇಳಿ ಬಿಳಿಚಿಕೊಂಡರು. “ನಾನು ಹಾಕಿದ್ನಲ್ಲ? ಹಾಕ್ದೆ ಅಂತ್ಲೇ ಜ್ಞಾಪಕ.”

“ಇರ್ಲಿ ಬಿಡಿ. ಕೂತ್ಕೊಳ್ಳಿ.”

“ಬೀರು ನೋಡಿದ್ಯಾ?”

“ನೋಡ್ದೆ.”

“ಸರಿಯಾಗಿ ನೋಡಿದ್ಯಾ?” ಎನ್ನುತ್ತ ಅವರು ಬೀರುವಿನ ಕಡೆ ನಡೆದರು. ಸೀತಮ್ಮನವರು ತಡೆಯಲಿಲ್ಲ. ಒಲೆ ಹಚ್ಚಿ ಎರಡು ಲೋಟ ಕಾಫಿ ಮಾಡಿ ತಂದಿಟ್ಟರು. ಹಾಲಿರಲಿಲ್ಲ. ಕಾಫಿ ಚೆನ್ನಾಗಿರಲಿಲ್ಲ. ಇಬ್ಬರೂ ಕುಡಿದರು.