ಮಾವ ನೋಡಲು ಬಂದ ಚುಕ್ಕಿಗಳು

ಕಾನಹೊಸಹಳ್ಳಿಯಲ್ಲಿ ನನ್ನ ಸೋದರಮಾವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಕೆಟ್ಟದ್ದನ್ನು ಬಿಚ್ಚಿ ಒಳಗೇನಿದೆ ಎಂದು ನೋಡದೆ ಬಿಡುವವನಲ್ಲ. ಕಳೆದ ವರ್ಷ ಅವನ ಎಡಗೆನ್ನೆಯ ಒಳಗೆ ಗಂಟೊಂದು ಎದ್ದಿತು. ತಂಬಾಕು ಜಗಿದು ಜಗಿದು ಬಂದ ಕ್ಯಾನ್ಸರ್. ನಾನು ಕೆಲಸ ಮಾಡುವ ಪ್ರಯೋಗಾಲಯದ ಪಕ್ಕದ ಆಸ್ಪತ್ರೆಯಲ್ಲೇ ಆಪರೇಷನ್ ನಿಗದಿಯಾಯಿತು. ಗಂಟಿನ ಒಂದು ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಡಾಕ್ಟರು ಕೇಳಿದರು.

"ಇಟ್ಕೊಳ್ರಿ. ಆದ್ರ ಒಳಗ ಏನೈತಿ ಅಂತ ನನಗೂ ತೋರಿಸ್ಬೇಕು," ಎಂದ ಮಾವ.

ಡಾಕ್ಟರು ನನ್ನ ಕಡೆ ನೋಡಿದರು. ಅಂಥ ಚೂರುಗಳಿಂದ ಆರ್‌ಎನ್‌ಎ ತೆಗೆದು ಪರೀಕ್ಷಿಸುವುದು ನನ್ನ ಕೆಲಸ.

ಆಪರೇಷನ್ ಗಾಯ ಮಾಗಿದ ಮೇಲೆ ತಪಾಸಣೆಗೆ ಬಂದ ಮಾವ ಸೀದಾ ನನ್ನ ಮೇಜಿನ ಮುಂದೆ ನಿಂತ. ಬಾಯಿ ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ.

"ತೋರ್ಸವ್ವಾ."

ಚೂರುಗಳ ಮೇಲೆ ಹೆಸರಿರುವುದಿಲ್ಲ, ಅವನದು ಯಾವುದೆಂದು ನನಗೂ ಗೊತ್ತಾಗದು ಎಂದೆ. ಅವನ ಮುಖ ಸಣ್ಣದಾಯಿತು.

"ಹೋಗ್ಲಿ, ಯಾರದಾದ್ರೂ ತೋರ್ಸು."

ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದೆ. ಬಿಳಿ ಹಾಳೆಯಂಥ ಪೊರೆಯ ಮೇಲೆ ಸಾಲು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ಚೂರಿನಿಂದ ತೆಗೆದ ಆರ್‌ಎನ್‌ಎಯ ಹನಿ.

"ನಮ್ಮ ಜೀವಕೋಶದಾಗ ಪ್ರೋಟೀನ್ ಮಾಡಿಸೋ ಆರ್‌ಎನ್‌ಎ ಇರ್ತಾವ, ಮಾವ. ಪ್ರೋಟೀನ್ ಮಾಡದವೂ ಇರ್ತಾವ."

"ಮಾಡದಿದ್ರ ಅವು ಯಾತಕ್ಕ?"

"ಅವುಗಳಾಗ ಕೆಲವು, ಪ್ರೋಟೀನ್ ಮಾಡಿಸೋವು ಎಷ್ಟು ಕೆಲಸ ಮಾಡ್ಬೇಕು ಅನ್ನೋದನ್ನ ಹಿಡಿತದಾಗ ಇಡ್ತಾವ. ಅವುಕ್ಕ ಮೀಥೈಲ್ ಅನ್ನೋ ಸಣ್ಣ ರಾಸಾಯನಿಕ ಅಂಟ್ಕೊಂತೈತಿ. ಎಲ್ಲಾರ ಮೈಯಾಗೂ ಅಂಟ್ತೈತಿ. ಹೆಚ್ಚು ಕಮ್ಮಿ ಆದ್ರ ಹಿಡಿತ ತಪ್ಪಬಹುದು. ಈ ಕಪ್ಪು ಚುಕ್ಕಿ ಗಂಟಿಂದು, ಜಾಸ್ತಿ ಅಂಟೈತಿ. ಪಕ್ಕದ ತೆಳು ಚುಕ್ಕಿ ಚಲೋ ಇರೋ ಮಾಂಸದ್ದು."

ಮಾವ ಪರದೆಗೆ ಮೂಗು ತಾಗುವಷ್ಟು ಬಾಗಿದ.

"ಅಂಟಿಸೋದು ಯಾವುದು?"

"ಅದಕ್ಕ ಅಂತ ಕಿಣ್ವಗಳು ಅದಾವ. ಕಿತ್ತು ತೆಗಿಯೋವೂ ಅದಾವ."

ಎರಡೂ ಚುಕ್ಕಿಗಳ ಮೇಲೆ ಬೆರಳಿಟ್ಟು, "ಹಂಗಾದ್ರ ಅದು ಅಂಟಿದ್ದಕ್ಕ ಗಂಟು ಬಂತೋ, ಗಂಟು ಬಂದಿದ್ದಕ್ಕ ಅಂಟಿತೋ?" ಎಂದ.

"ಅದನ್ನ ಹುಡುಕಾಕತ್ತೀವಿ. ಇನ್ನೂ ಖಾತ್ರಿ ಇಲ್ಲ."

ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಹೊಲಿಗೆ ಹಾಕಿದ ಕೆನ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಕ್ಕ. ಕುರ್ಚಿ ಎಳೆದುಕೊಂಡು ಕೂತು, ಉಳಿದ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆಸಿದ. ಕೆಲವು ಗಂಟುಗಳ ಚುಕ್ಕಿ ಕಪ್ಪಗಿರಲೇ ಇಲ್ಲ. "ಇದ್ಯಾಕ ಹಿಂಗೈತಿ?" ಎಂದು ಅವನು ಕೇಳಿದಾಗ ನಾನೂ ಕುರ್ಚಿ ಎಳೆದುಕೊಂಡೆ. ಊರಿಗೆ ಮರಳಲು ಅವನು ಹಿಡಿಯಬೇಕಿದ್ದ ಕೂಡ್ಲಿಗಿಯ ಮಧ್ಯಾಹ್ನದ ಬಸ್ಸು ತಪ್ಪಿತು.

ಗಂಟು ಈವರೆಗೆ ಮರಳಿಲ್ಲ. ತಂಬಾಕು ಬಿಟ್ಟಿದ್ದಾನೆ. ಅಂಗಡಿಗೆ ಬರುವವರ ಬಾಯಲ್ಲಿ ತಂಬಾಕು ಕಂಡರೆ, ಮೋಟಾರು ಬದಿಗಿಟ್ಟು ಚುಕ್ಕಿಗಳ ವಿಷಯ ಶುರು ಮಾಡುತ್ತಾನಂತೆ.